ಪುಟ್ಟಿಗೆ ಹದಿನಾರು ಮೊಳ

ಹೂವಿಗೆ ಎಸಳು, ನವಿಲಿಗೆ ಗರಿ ಉಡಿಸಿ ಜಗದ ಮಾನ ಕಾಯುವ ತಾಯಿ ಗೌರಿಗೆ ಮೊದಲು ಕೈಮುಗಿಯೋಣ. ಅವಳು ನುಡಿಸಿದಷ್ಟು ನುಡಿಯುತ್ತೇನೆ.

ಬಹಳ ಹಿಂದೆ ಮಂಜಾಡಿ ಎಂಬ ರಾಜ್ಯವನ್ನು ತೊಂಡರಸ ಆಳುತ್ತಿದ್ದ. ಅವನ ಒಬ್ಬಳೇ ಮಗಳು ಪದುಮಲೆ. ವಯಸ್ಸು ಇಪ್ಪತ್ತೆಂಟು, ರಾಜ್ಯದ ನೂರು ಆನೆಗಳೂ ಅವಳ ಮಾತಿಗೆ ಮಂಡಿಯೂರುತ್ತಿದ್ದವು. ಅರಸನಿಗೆ ಮಾತ್ರ ಅವಳು ಇನ್ನೂ ‘ಪುಟ್ಟಿ’.

ಒಂದು ದಿನ ಗೊಂಬೆಗಣ್ಣನೆಂಬ ಮಾಂತ್ರಿಕ ಬಂದು ಶಾಪ ಹಾಕಿದ. “ಗೌರಿಹಬ್ಬಕ್ಕೆ ಮಗಳಿಗೆ ಒಪ್ಪುವ ಬಟ್ಟೆ ಕೊಡು ನೋಡೋಣ. ಮೂರು ಸಲವೂ ತಪ್ಪಿದರೆ ಮರದ ಗೊಂಬೆಯಾಗಿ ನನ್ನ ಪೆಟ್ಟಿಗೆ ಸೇರುತ್ತಾಳೆ! ಅಪ್ಪಂದಿರನ್ನು ನಂಬಿಯೇ ನನ್ನ ಪೆಟ್ಟಿಗೆ ತುಂಬಿರೋದು!”

ಅರಸ ದೇವಿಯನ್ನು ನೆನೆದು ಹೊರಟ. ಬೆಟ್ಟದ ಗುಹೆಯಲ್ಲಿ ಜೇಡರಾಣಿ ಮಂಜನ್ನು ನೇಯುತ್ತಿದ್ದಳು.

“ಯಾರಿಗೆ?”

“ನಮ್ಮ ಪುಟ್ಟಿಗೆ, ತಾಯಿ.”

“ಎಷ್ಟೆತ್ತರ?”

ಅರಸ ಅಭ್ಯಾಸದಂತೆ ತನ್ನ ಸೊಂಟದ ಹತ್ತಿರ ಕೈ ಹಿಡಿದ. “ಇಷ್ಟು.”

ಅವಳು ನೇಯ್ದುಕೊಟ್ಟ ಗಂಟನ್ನು ಅರಮನೆಯಲ್ಲಿ ಬಿಚ್ಚಿ ನೋಡಿದರೆ ಆರು ವರ್ಷದ ಮಗುವಿನ ಲಂಗ! “ಚೆನ್ನಾಗಿದೆ ಅಪ್ಪಾಜಿ, ತಲೆಗೆ ಸುತ್ತಿಕೊಳ್ಳಬಹುದು,” ಅಂದಳು ಪದುಮಲೆ. ಅನ್ನುತ್ತಿದ್ದಂತೆ ಅವಳ ಕಾಲು ಮಂಡಿಯವರೆಗೆ ಮರವಾಯಿತು.

ಅರಸ ಓಡಿದ. ಕೊಳದಲ್ಲಿ ಹಂಸವೊಂದು ಬಿಸಿಲನ್ನು ನೂಲುತ್ತಿತ್ತು.

“ಯಾರಿಗೆ?”

“ಪುಟ್ಟಿಗೆ.”

“ಎಷ್ಟೆತ್ತರ?”

“ಇಷ್ಟು.”

ಮತ್ತೆ ಲಂಗ. ಈ ಸಲ ಅಂಚಿಗೆ ಗೆಜ್ಜೆ ಬೇರೆ! ಪದುಮಲೆ ಸೊಂಟದವರೆಗೆ ಮರವಾದಳು. “ಮುಂದಿನ ಸಲ ತೊಟ್ಟಿಲ ಬಟ್ಟೆಯೇನು ಅಪ್ಪಾಜಿ?” ಎಂದು ನಕ್ಕಳು. ಕಣ್ಣಲ್ಲಿ ಮಾತ್ರ ನೀರಿತ್ತು.

ಮೂರನೆಯ ಸಲ ಅರಸ ಹೊಳೆದಂಡೆಯಲ್ಲಿ ಮಗ್ಗ ಹೂಡಿದ್ದ ಮುದಿ ಆಮೆಯ ಮುಂದೆ ನಿಂತ. ಕೈ ಇನ್ನೇನು ಸೊಂಟಕ್ಕೆ ಹೋಗಬೇಕು, ಆಮೆ ಕೇಳಿತು: “ಏನು ಕೆಲಸ ಮಾಡುತ್ತಾಳೆ? ಯಾವ ಬಣ್ಣ ಇಷ್ಟ?”

“ಕೆಲಸ ಆನೆಗಳದ್ದು. ಬಣ್ಣ... ಬಣ್ಣ ಗೊತ್ತಿಲ್ಲವಲ್ಲ!”

“ಕೇಳಿಕೊಂಡು ಬಾ ಮಹಾರಾಯ. ನಾನೇನು ಓಡಿಹೋಗುತ್ತೀನಾ?”

ತಾಯಿ ಗೌರಿಯೇ ಆಮೆಯ ಬಾಯಲ್ಲಿ ಈ ಮಾತು ಆಡಿಸಿದಳು, ನನಗೆ ಸಂಶಯವಿಲ್ಲ. ಅರಸ ಅರಮನೆಗೆ ಬಂದು ಮಗಳ ಮುಂದೆ ನಿಂತ. ಎಷ್ಟೋ ವರ್ಷದ ಮೇಲೆ ಹೆಸರು ಹಿಡಿದು ಕರೆದ. “ಪದುಮಲೆ, ನಿನಗೆ ಎಂಥದ್ದು ಬೇಕಮ್ಮ?”

“ಹದಿನಾರು ಮೊಳದ್ದು ಅಪ್ಪಾಜಿ. ಗಟ್ಟಿ ನೂಲು, ಕೆಸರು ಕಾಣದ ಬಣ್ಣ. ಕಚ್ಚೆ ಹಾಕಿ ಆನೆ ಹತ್ತಬೇಕು.”

ಆಮೆ ಹಾಗೇ ನೇಯ್ದುಕೊಟ್ಟಿತು. ಹಬ್ಬದ ಬೆಳಿಗ್ಗೆ ಸೀರೆ ಹೆಗಲಿಗೆ ತಾಗಿದ್ದೇ ತಡ, ಮರವೆಲ್ಲ ತೊಗಟೆಯಂತೆ ಉದುರಿತು. ಪದುಮಲೆ ಕಚ್ಚೆ ಬಿಗಿದು ಆನೆ ಏರಿದಳು. ಗೊಂಬೆ ಒಯ್ಯಲೆಂದು ಅರಮನೆಯ ಅಂಗಳಕ್ಕೆ ಬಂದಿದ್ದ ಮಾಂತ್ರಿಕನ ಪೆಟ್ಟಿಗೆ ಸಿಡಿದು, ಏಳು ರಾಜ್ಯಗಳ ಹೆಣ್ಣುಮಕ್ಕಳು ಮೈಮುರಿಯುತ್ತ ಎದ್ದುಬಂದರು. ಮಂತ್ರ ತಿರುಗಿ ಮಾಂತ್ರಿಕನಿಗೇ ಬಡಿಯಿತು. ಅವನು ಕುಗ್ಗಿ ಕುಗ್ಗಿ ಅರಸನ ಸೊಂಟದೆತ್ತರಕ್ಕೆ ನಿಂತ. ನಿಲುವಂಗಿ ಜಾರಿ ಬಿತ್ತು. ಮಾನ ಮುಚ್ಚಲು ಅಳತೆಗೆ ಸರಿಯಾದ ಬಟ್ಟೆ ಅರಮನೆಯಲ್ಲಿ ಎರಡೇ ಇದ್ದವು.

“ಗೆಜ್ಜೆ ಇಲ್ಲದ್ದು ಕೊಡಿ ತಾಯಿ!” ಎಂದು ಅತ್ತ. ಪದುಮಲೆ ಅದನ್ನೇ ಕೊಟ್ಟಳು. ಅಂದಿನಿಂದ ಅವನು ಲಂಗ ತೊಟ್ಟು, ಬುದ್ಧಿ ಕಲಿತು, ಆನೆಗಳಿಗೆ ಬಾಳೆಹಣ್ಣು ಕೊಡುತ್ತ ಸುಖವಾಗಿದ್ದ.

ಅರಸ ಮೆಲ್ಲಗೆ ಕೇಳಿದ: “ಇನ್ನು ಪುಟ್ಟಿ ಅನ್ನಲೋ, ಬೇಡವೋ?”

“ಅನ್ನಿ ಅಪ್ಪಾಜಿ. ಯಾರಾದರೂ ಎತ್ತರ ಕೇಳಿದರೆ ಮಾತ್ರ ಕೈ ಮೇಲೆತ್ತಿ.”

ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ಕೊಟ್ಟ ಬಟ್ಟೆ ಮೈಗೊಪ್ಪಲಿ, ಉಟ್ಟವರ ನಗು ಮಾಸದಿರಲಿ, ತಾಯಿ ಗೌರಿ ತನ್ನ ಸೆರಗಿನ ನೆರಳಲ್ಲಿ ನಿಮ್ಮನ್ನು ಕಾಯಲಿ.