ಹಿಗ್ಗಲು ಜಾಗ ಬೇಕು

ಸ್ಪ್ಯಾನರ್ ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು!

"ಬೆಲ್ಲೋಸ್ ಎಲ್ಲಿ ಸಾರ್?" ಎಂದು ಚೀಫ್ ಇಂಜಿನಿಯರನ್ನು ಕೇಳಿದ್ದಕ್ಕೆ ಈ ಮರ್ಯಾದೆ!

ಬಗ್ಗಿದೆ. ಸ್ಪ್ಯಾನರ್ ಬೀಸಿದ, ಚೀಫ್ ಸಾಕಿದ ದಾಂಡಿಗನ ಹೊಟ್ಟೆಗೆ ಮೊಣಕೈಯಿಂದ ಒಂದು ಕೊಟ್ಟೆ. ಪಂಪುಗಳ ನಡುವೆ ಮಗುಚಿಬಿದ್ದ.

ಚೀಫ್ ಮೆಟ್ಟಿಲಿಳಿದು ಓಡಿದ. ಬಿಡುತ್ತೇನೆಯೇ? ಕೂಲರ್ ರೂಮಿನವರೆಗೂ ಅಟ್ಟಿಸಿಕೊಂಡು ಹೋದೆ. ಇಬ್ಬರೂ ಒಳಗೆ. ಚಿಲಕ ಜಡಿದು, ಬೀಗ ಹಾಕಿ ಕೀಲಿ ಜೇಬಿಗಿಳಿಸಿದೆ.

ಇಷ್ಟು ಸಿಟ್ಟು ಯಾಕೆ ಅಂತೀರಾ? ಕೇಳಿ ಸ್ವಾಮಿ.

ಬೇರೆಯವರ ಗುಟ್ಟು ಅಗೆಯುವುದು ನನ್ನ ಕಸುಬು. ಈ ಸಲ ಮಾತ್ರ ಸ್ವಂತ ಕೇಸು. ಅಕ್ಕನ ಗಂಡ, ನನ್ನ ಭಾವ, ಜೈಲಿನಲ್ಲಿದ್ದಾರೆ. ಈ ಫ್ಯಾಕ್ಟರಿಯ ಬಿಸಿ ಎಣ್ಣೆ ತಣಿಸುವ ಜೋಡಿ ಕೂಲರ್‌ಗಳನ್ನು ಡಿಸೈನ್ ಮಾಡಿದ್ದು ಅವರೇ. ಹೊರಗೆ ಉಕ್ಕಿನ ಶೆಲ್, ಒಳಗೆ ನೂರಾರು ಟ್ಯೂಬ್. ಟ್ಯೂಬಿನಲ್ಲಿ ತಣ್ಣೀರು, ಸುತ್ತ ಎಣ್ಣೆ. ಬಿಸಿಗೆ ಶೆಲ್ ಹಿಗ್ಗುತ್ತದೆ. ಟ್ಯೂಬ್ ಅಷ್ಟು ಹಿಗ್ಗುವುದಿಲ್ಲ. ಎಳೆದಾಟದಲ್ಲಿ ಟ್ಯೂಬ್ ಕಿತ್ತುಬಂದು ನೀರು ಬಿಸಿ ಎಣ್ಣೆಗೆ ಬಿದ್ದು ಒಮ್ಮೆಲೇ ಆವಿಯಾದರೆ... ಮುಗಿಯಿತು! ಅದಕ್ಕೇ ಭಾವ ಶೆಲ್ಲಿನ ನಡುವೆ ಮಡಿಕೆ ಮಡಿಕೆಯ ಬೆಲ್ಲೋಸ್ ಇಟ್ಟಿದ್ದರು. ಎಳೆದಾಟವೆಲ್ಲ ಅದರ ಪಾಲಿಗೆ.

ಒಂದು ಕೂಲರ್ ಸಿಡಿಯಿತು. ಇಬ್ಬರು ಆಪರೇಟರ್‌ಗಳು ಬೆಂದುಹೋದರು.

"ಬೆಲ್ಲೋಸ್ ಇತ್ತು, ಇವನ ಲೆಕ್ಕವೇ ತಪ್ಪು" ಎಂದು ಚೀಫ್ ಪ್ರಮಾಣ ಮಾಡಿದ. ಸಿಡಿದದ್ದನ್ನು ಗುಜರಿಗೆ ಹಾಕಿ ಕರಗಿಸಿಬಿಟ್ಟ. ಅಕ್ಕ ಊಟ ಬಿಟ್ಟಳು. ನನಗೆ ಇವನ ರಕ್ತ ಕುಡಿಯುವಷ್ಟು ರೋಷ!

ಉಳಿದ ಕೂಲರ್ ಈಗ ನಮ್ಮಿಬ್ಬರ ನಡುವೆ ಇತ್ತು. ಮುಟ್ಟಿದರೆ ಕೈ ಸುಡದಿರಲೆಂದು ಮೈತುಂಬ ತಗಡು ಹೊದಿಸಿದ್ದರು. ಒಳಗೇನಿದೆಯೋ ಕಾಣದು.

"ಎಣ್ಣೆ ಬಿಡ್ಲಾ ಸಾರ್?"

"ಹುಚ್ಚು ಹಿಡಿದಿದ್ಯಾ? ಬೇಡ!"

"ಬೆಲ್ಲೋಸ್ ಇದೆಯಲ್ಲ. ಭಯ ಯಾಕೆ?"

ವಾಲ್ವ್ ತಿರುವಿದೆ. ಬುಸ್ಸ್...!

ಚೀಫ್ ಬಾಗಿಲಿಗೆ ಹಾರಿದ. ಭುಜಕ್ಕೆ ಕೈಯಿಟ್ಟು ಹಿಂದಕ್ಕೆ ತಳ್ಳಿದೆ.

"ನಿಲ್ಸೋ! ಟ್ಯೂಬ್ ಕಿತ್ಕೊಂಡು ಬರತ್ತೆ! ಇದ್ರಲ್ಲೂ ಬೆಲ್ಲೋಸ್ ಇಲ್ಲ ಕಣೋ!"

"ತಗಡು ಬಿಚ್ಚದೇನೇ ಹೇಗೆ ಗೊತ್ತಾಯ್ತು?"

"ನಾನೇ ಬೇಡ ಅಂದಿದ್ದು! ಅದು ಬರೋದು ತಡ ಆಗ್ತಿತ್ತು... ಉದ್ಘಾಟನೆಗೆ ದಿನ ಹೇಳಿಬಿಟ್ಟಿದ್ದೆ! ಕೈ ಮುಗೀತೀನಿ, ನಿಲ್ಸಪ್ಪಾ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ!

ನಿಧಾನವಾಗಿ ವಾಲ್ವ್ ಮುಚ್ಚಿದೆ. ಬುಸುಗುಟ್ಟಿದ್ದು ಬರೀ ಗಾಳಿ. ನನ್ನ ಮಾತಿನಂತೆ ಇಲ್ಲಿನ ಫಿಟ್ಟರ್ ಬೆಳಿಗ್ಗೆಯೇ ಎಣ್ಣೆಯ ಪೈಪ್ ಕಳಚಿ ಗಾಳಿಯ ಪೈಪ್ ಜೋಡಿಸಿದ್ದ. ಸತ್ತವರಲ್ಲಿ ಒಬ್ಬ ಅವನ ಸ್ವಂತ ತಮ್ಮ.

ಜೇಬಿನಲ್ಲಿ ಬಟನ್ ಒತ್ತಿ ಹಿಡಿದಿದ್ದ ವಾಕಿಟಾಕಿಯನ್ನು ಹೊರತೆಗೆದೆ.

"ಕೇಳಿಸ್ತಾ ಮೇಡಂ?"

"ಎಲ್ಲಾ ರೆಕಾರ್ಡ್ ಆಗಿದೆ" ಎಂದರು ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ತನಿಖಾಧಿಕಾರಿ. "ನಿಮ್ಮ ಭಾವನ ಬಿಡುಗಡೆ ನನ್ನ ಹೊಣೆ."

ಅಕ್ಕನ ಮುಖ ನೆನಪಾಯಿತು.

ಚೀಫ್ ಬಾಗಿಲು ಬಡಿಯತೊಡಗಿದ. "ತೆಗಿಯೋ! ಸೆಕೆ... ಉಸಿರು ಕಟ್ತಿದೆ!"

"ತೆಗೀತೀನಿ ಸಾರ್. ಹೊರಗಡೆ ಫಿಟ್ಟರ್ ಜೊತೆ ಇಡೀ ಶಿಫ್ಟೇ ನಿಂತಿದೆ. ಆಮೇಲೆ, ಒಳಗೇ ತಂಪಾಗಿತ್ತು ಅಂತ ನನ್ನ ಬೈಕೋಬೇಡಿ!"