ಆಬ್ಸೆಂಟ್ ಹಾಕಿದವನು

"ಸಾರ್, ನನ್ನ ಸರ್ಟಿಫಿಕೇಟ್ ಎಲ್ಲಿ?"

ಶಾಂತಲಾ ಕೇಳಿದ ರೀತಿಗೆ ಜೆ.ಪಿ. ನಗರದ ಉಚಿತ ತರಬೇತಿ ಕೇಂದ್ರದ ಸರ್ಟಿಫಿಕೇಟ್ ಸಮಾರಂಭದಲ್ಲಿ ಚಪ್ಪಾಳೆ ನಿಂತೇಹೋಯಿತು.

"ನಿಮಗಿಲ್ಲ. ಕೊನೇ ತಿಂಗಳು ಪೂರ್ತಿ ಆಬ್ಸೆಂಟ್," ಎಂದ ದೇವದಾಸ್, ತಲೆ ಎತ್ತದೆ. ಎಸಿ ರಿಪೇರಿ ಕಲಿಸುವ ಮೇಷ್ಟ್ರು ಅವನು.

ಆಬ್ಸೆಂಟಾ! ಸುದ್ದಗುಂಟೆಪಾಳ್ಯದಿಂದ ಒಂದು ದಿನವೂ ತಪ್ಪಿಸದೆ ಬಂದವಳು ಅವಳು.

ಇನ್ನು ಕಲಿಸಿದ್ದೋ, ದೇವರಿಗೇ ಪ್ರೀತಿ. ಹಿಂದುಳಿದವರು ಉದ್ಧಾರವಾಗಲಿ ಎಂದು ಸರ್ಕಾರ ಕೊಟ್ಟ ಹೊಸ ಎಸಿ ಮೂರು ತಿಂಗಳೂ ಪ್ಲಾಸ್ಟಿಕ್ ಕವರಿನೊಳಗೇ ಕೂತಿತ್ತು. ಗೀರು ಬಿದ್ದೀತು ಎಂದು ಮ್ಯಾನೇಜರ್ ಪ್ರಸನ್ನ ಮುಟ್ಟಲೂ ಬಿಡುತ್ತಿರಲಿಲ್ಲ. ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಕವರ್ ಬಿಚ್ಚಿ, ಹುಡುಗಿಯರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಫೋಟೋ ತೆಗೆದರು. ಸಾಹೇಬರು ಬೋಂಡಾ ತಿಂದು, "ವೆರಿ ಗುಡ್" ಎಂದು ಹೋದರು. ಎಂಥ ಘನಕಾರ್ಯ! ಮರುದಿನ ಮತ್ತೆ ಕವರ್.

"ನಾಚಿಕೆ ಆಗಲ್ವಾ ಸಾರ್? ಕಲಿಸೋ ಯೋಗ್ಯತೆಯಂತೂ ಇಲ್ಲ, ಒಂದು ಕಾಗದಾನೂ ಕೊಡಲ್ವಾ? ಥೂ!"

ಅವನು ಮುಂದಿನ ಹೆಸರು ಕೂಗಿದ. ಅವಳಿಗೆ ಅದೇ ಇನ್ನೂ ಉರಿಯಿತು... 'ಒಳಗೊಳಗೇ ನಾನು ಇಷ್ಟಪಟ್ಟಿದ್ದು ಇವನನ್ನೇನಾ!'

ಮುಂದಿನ ತಿಂಗಳು ಬನಶಂಕರಿಯಲ್ಲಿ ಇನ್ನೊಂದು ಉಚಿತ ತರಬೇತಿ ಶುರುವಾಯಿತು. ಅಲ್ಲಿ ನಿಜವಾಗಿಯೂ ಕೆಲಸ ಕಲಿಸುತ್ತಾರಂತೆ. ತನ್ನ ಜೊತೆಗೇ ಕಲಿತ ಗೆಳತಿ ಲಿಖಿತಾಳನ್ನು ಕರೆದುಕೊಂಡು ಶಾಂತಲಾ ಹೋದಳು.

ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ ಲಿಖಿತಾಳ ಅರ್ಜಿ ವಾಪಸ್ ಕೊಟ್ಟಳು.

"ನಿಮ್ಮ ಹೆಸರಲ್ಲಿ ಆಗ್ಲೇ ಸರ್ಟಿಫಿಕೇಟ್ ಇದೆಯಮ್ಮ. ಒಬ್ರಿಗೆ ಒಂದೇ ಸಲ ಸೀಟು."

"ಅಲ್ಲಿ ಏನೂ ಕಲಿಸ್ಲೇ ಇಲ್ಲ ಮೇಡಂ!"

"ಸರ್ಟಿಫಿಕೇಟ್ ಇದೆಯಲ್ಲಾ, ಕಲ್ತಿದ್ದೀರಿ ಬಿಡಿ." ಶಾಂತಲಾಳತ್ತ ತಿರುಗಿದಳು. "ನೀವು ತರಬೇತಿ ಮುಗಿಸಿಲ್ಲ ಅಂತಿದೆ. ನಿಮಗೆ ಸೀಟು ಸಿಗುತ್ತೆ, ಸೋಮವಾರ ಬನ್ನಿ."

ಶಾಂತಲಾ ತನ್ನ ಅರ್ಜಿಯನ್ನೇ ದಿಟ್ಟಿಸಿದಳು. ಹಾಗಾದರೆ ಆ ಆಬ್ಸೆಂಟ್...

ದೇವದಾಸ್ ಆ ಕೆಲಸ ಬಿಟ್ಟು ಉತ್ತರಹಳ್ಳಿಯಲ್ಲಿ ಪುಟ್ಟ ರಿಪೇರಿ ಅಂಗಡಿ ಹಾಕಿದ್ದ. ಅವಳು ಸೀದಾ ಅಲ್ಲಿಗೇ ನುಗ್ಗಿದಳು.

"ಹೇಳೋಕೆ ಬಾಯಿ ಇರ್ಲಿಲ್ವಾ? ನನ್ನನ್ನ ಕೇಳ್ದೆ ನನ್ನ ಬದುಕು ತೀರ್ಮಾನ ಮಾಡೋಕೆ ನೀವ್ಯಾರು?"

"ತಪ್ಪಾಯ್ತು. ಆ ಸರ್ಟಿಫಿಕೇಟ್ ತಗೊಂಡ್ರೆ ನಿಮಗೆ ಇನ್ನೆಲ್ಲೂ ಸೀಟು ಸಿಗಲ್ಲ ಅಂತ ಗೊತ್ತಿತ್ತು. ಹೇಳಿದ್ರೆ ನೀವು ಪ್ರಸನ್ನನ ಹತ್ರ ಜಗಳಕ್ಕೆ ನಿಲ್ತಿದ್ರಿ. ಅವನು ಲೆಕ್ಕ ತೋರಿಸೋಕೆ ಪ್ರೆಸೆಂಟ್ ಅಂತ ತಿದ್ದಿ ಸರ್ಟಿಫಿಕೇಟ್ ಕೈಗೆ ತುರುಕ್ತಿದ್ದ."

"ಲಿಖಿತಾಗೆ ಯಾಕೆ ಹಾಕ್ಲಿಲ್ಲ?"

ಅವನ ತಲೆ ತಗ್ಗಿತು. "ಎಲ್ಲರಿಗೂ ಹಾಕೋ ಧೈರ್ಯ ಬರ್ಲಿಲ್ಲ... ಊಟದ ಹೊತ್ತಲ್ಲಿ ನೀವು ಕದ್ದು ಕವರ್ ಎತ್ತಿ ಎಸಿ ಒಳಗೆ ಇಣುಕ್ತಿದ್ರಲ್ಲ, ಅವತ್ತಿಂದ... ನೀವಂದ್ರೆ ನಂಗೆ ಪ್ರಾಣ."

"ಹೇಡಿ!" ಎಂದಳು. ಕಣ್ಣು ತುಂಬಿಬಂತು. "ಅರ್ಧ ಹೇಡಿ. ಲಿಖಿತಾಗೆ ದಿನಾ ಸಂಜೆ ಇಲ್ಲೇ ಕೆಲಸ ಕಲಿಸ್ಬೇಕು. ನಾನೂ ಬರ್ತೀನಿ, ನಿಮ್ಮ ಮೇಲೆ ಕಣ್ಣಿಡೋಕೆ."

"ಎಷ್ಟು ದಿನ ಬರ್ತೀರಾ?"

"ಜೀವ ಇರೋವರ್ಗೂ. ಒಂದು ದಿನ ಆಬ್ಸೆಂಟ್ ಹಾಕಿ ನೋಡಿ, ಆಮೇಲಿದೆ!"