ಎರಡು ಪರದೆ, ಒಂದು ದಾರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಪುಸ್ತಕದ ಪುಟವಿನ್ಯಾಸದಲ್ಲಿ ನಮ್ಮ ದೊಡ್ಡಪ್ಪನದು ಎತ್ತಿದ ಕೈ. ಅವರು ಕಂಪ್ಯೂಟರಿಗೆ ಎರಡು ಪರದೆ ಜೋಡಿಸಿದರೆ ಮೌಸಿನ ಬಾಣ ಒಂದರಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟೂ ಏರುಪೇರಾಗದೆ ದಾಟುತ್ತಿತ್ತು. ಅಳತೆ ನೋಡಲು ಎರಡಕ್ಕೂ ಅಡ್ಡಲಾಗಿ ಹೊಲಿಗೆಯ ಬಿಳಿ ದಾರ ಬಿಗಿಯುತ್ತಿದ್ದರು.

ಅವರು ತೀರಿಕೊಂಡ ಮೇಲೆ ಆ ಮೇಜು ನನ್ನದಾಯಿತು. ಹಳೆಯ ಪರದೆಯ ಬಲಕ್ಕೆ ಹೊಸದೊಂದನ್ನು ತಂದಿಟ್ಟೆ. ಹೊಸದರ ರೆಸಲ್ಯೂಶನ್, ಅಂದರೆ ಪರದೆಯ ಚುಕ್ಕಿಗಳ ಲೆಕ್ಕ, ಹೆಚ್ಚು; ಎರಡಕ್ಕೂ ಅಳತೆ ಹೊಂದಲಿಲ್ಲ. ದಾಟುವಾಗ ಬಾಣ ಗೇಣುದ್ದ ಮೇಲಕ್ಕೆ ಹಾರುತ್ತಿತ್ತು. ಬೆಳಗಿನಿಂದ ತಿಣುಕಾಡಿ, ಸಾಕಾಗಿ ಊಟಕ್ಕೆ ಎದ್ದೆ.

ಬಂದು ನೋಡಿದರೆ ಪರದೆಗಳಿಗೆ ದಾರ ಬಿಗಿದಿತ್ತು. ಬಾಣ ನೀರು ಹರಿದಂತೆ ದಾಟಿತು. ಮೌಸು ಯಾರೋ ಈಗಷ್ಟೇ ಕೈ ತೆಗೆದ ಹಾಗೆ ಬೆಚ್ಚಗಿತ್ತು.

“ದೊಡ್ಡಮ್ಮಾ, ಒಳಗೆ ಯಾರು ಬಂದಿದ್ರು?”

“ಯಾರೂ ಇಲ್ವಲ್ಲೋ. ನಾನು ಬಾಗಿಲಲ್ಲೇ ಕೂತಿದೀನಿ.”

ಹೆದರಿಕೆಗಿಂತ ಮೊದಲು ನನ್ನ ಬಾಯಿಂದ ಬಂದದ್ದು “ಭಲೇ!” ಎಂಬ ಮಾತು. ಕೆಲಸ ಅಂಥದ್ದು.

ಹೋದ ವಾರ ಹಳೆಯ ಪರದೆ ಕೆಟ್ಟಿತು. ಕಿತ್ತು ಅಟ್ಟಕ್ಕೆ ಹಾಕಿದೆ. ಈಗಿರುವುದು ಒಂದೇ. ಆದರೂ ನಾನು ಕೈ ತೆಗೆದರೆ ಸಾಕು, ಬಾಣ ಎಡ ಅಂಚನ್ನು ದಾಟಿ, ಹಳೆಯ ಪರದೆ ಇದ್ದ, ಈಗ ಏನೂ ಇಲ್ಲದ ಕಡೆಗೆ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹಿಂತಿರುಗುತ್ತದೆ, ಅದೇ ಎತ್ತರಕ್ಕೆ, ಕೂದಲೆಳೆಯಷ್ಟೂ ತಪ್ಪದೆ.